ಐವತ್ತು ಗುಂಡಿಗೆ ಪಿಸ್ತೂಲಿನ ಯೋಗ್ಯತೆ ಗೊತ್ತಾಗುತ್ತಾ?

ಮೊದಲೇ ಹೇಳಿಬಿಡ್ತೀನಿ. ಲೈಸೆನ್ಸ್ ಇರೋ ಸಾಮಾನ್ಯ ಮನುಷ್ಯನ ಕೈಗೆಟುಕೋ ಸ್ವದೇಶಿ .32 (ಬ್ಯಾರಲ್, ಅಂದ್ರೆ ನಳಿಗೆಯ ಅಗಲ, ಇಂಚಿನಲ್ಲಿ) ಪಿಸ್ತೂಲು ಕೆಟ್ಟ ಮಾಲು ಅಂತ ನಾನು ಬರೀತಿಲ್ಲ. ಒಳ್ಳೆ ಮಾಲು ಅಂತ ಸರ್ಟಿಫಿಕೇಟೂ ಕೊಡ್ತಿಲ್ಲ. ಒಳ್ಳೇದಾ ಕೆಟ್ಟದ್ದಾ ಅಂತ ಕೊಂಡವನು ತಿಳ್ಕೊಳ್ಳೋಕೆ ನಮ್ಮಲ್ಲಿ ದಾರಿಯೇ ಇಲ್ಲ. ನನ್ನ ತಕರಾರು ಅದು.

ನಮ್ಮ ಭಾಮೈದ ಮಂಡ್ಯದಲ್ಲಿ ಬೆಲ್ಲದ ವ್ಯಾಪಾರಿ. ಮಾರ್ಕೆಟ್ ಮುಗಿಸಿ ರಾತ್ರಿ ಹೊತ್ತಲ್ಲಿ ದುಡ್ಡಿನ ಬ್ಯಾಗ್ ಹಿಡ್ಕೊಂಡು ಊರಿಗೆ ಹೋಗೋನು. ಡಿಸಿ ಕಚೇರಿಗೆ ಅರ್ಜಿ ಹಾಕಿ, ಪೊಲೀಸ್ ವರದಿ ಎಲ್ಲಾ ಆಗಿ, ಕೊನೆಗೂ ಲೈಸೆನ್ಸ್ ಕೈಗೆ ಬಂತು. ಮೈಸೂರಿನ ಅಂಗಡಿಯಲ್ಲಿ ಒಂದು ಪಿಸ್ತೂಲು ನೋಡಿಟ್ಟುಕೊಂಡು ನನಗೆ ಫೋನ್ ಮಾಡಿದ. "ಭಾವ, ನೀವು ಜೀವಮಾನ ಪೂರ್ತಿ ಟೂಲ್‌ರೂಮಲ್ಲೇ ಕಳ್ದೋರು. ಒಂದ್ಸಲ ಬಂದು ನೋಡ್ಬುಟ್ಟು ಹೇಳಿ, ತಗೊಳ್ಳೋದಾ ಬ್ಯಾಡ್ವಾ" ಅಂದ. ನನಗೆ ಬಂದೂಕಿನ ಹುಚ್ಚಿಲ್ಲ. ಲೋಹ, ಸ್ಪ್ರಿಂಗು, ಫಿಟ್ಟಿಂಗು ಗೊತ್ತು, ಅಷ್ಟೆ. ಹೋದೆ.

ಪಿಸ್ತೂಲಿನ ವಿಷಯಕ್ಕೆ ಬರೋ ಮುಂಚೆ, ನಮ್ಮ ದೇಶದಲ್ಲಿ ‘ಕಮ್ಮಿ ರೇಟಿನ ಪಿಸ್ತೂಲು’ ಅಂದ್ರೆ ಏನು ಅಂತ ಹೇಳಬೇಕು. ಸೈನ್ಯ, ಪೊಲೀಸ್ ಬಳಸೋ 9 ಎಂಎಂ ನಮಗೆ ನಿಷೇಧಿತ ಬೋರ್, ಅಂದ್ರೆ ಇಟ್ಕೊಳ್ಳೋ ಹಾಗಿಲ್ಲದ ನಳಿಗೆ ಅಳತೆ. ಹಾಗಾಗಿ ಪಿಸ್ತೂಲು ಅಂತ ಅಂಗಡಿಗೆ ಹೋದವನ ಮುಂದೆ ಬರೋದು ಹೆಚ್ಚುಕಮ್ಮಿ .32 ಒಂದೇ. ಅದರ ಹೊಡೆತದ ಶಕ್ತಿ 9 ಎಂಎಂನ ಅರ್ಧಕ್ಕಿಂತಲೂ ಕಡಿಮೆ. 1980ರ ದಶಕದ ಮಧ್ಯದಿಂದ ಜನಸಾಮಾನ್ಯರು ಹೊರದೇಶದಿಂದ ಬಂದೂಕು ತರಿಸೋದೂ ನಿಂತಿದೆ. ಅದಕ್ಕೇ ಅಜ್ಜನ ಕಾಲದ ವಾಲ್ಥರ್, ಬ್ರೌನಿಂಗ್ ಪಿಸ್ತೂಲುಗಳು ಇವತ್ತಿಗೂ ಹೊಸ ಸ್ವದೇಶಿ ಪಿಸ್ತೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ರೇಟಿಗೆ ಕೈ ಬದಲಾಯಿಸ್ತವೆ. ಐವತ್ತು ಅರವತ್ತು ವರ್ಷದ ಸ್ಪ್ರಿಂಗ್ ಇರೋ ವಸ್ತುವಿಗೆ ಲಕ್ಷಗಟ್ಟಲೆ ಸುರಿಯೋದು ಯಾವ ಲೆಕ್ಕವೋ ನನಗಂತೂ ಅರ್ಥ ಆಗಲ್ಲ. ಹೆಸರಿಗೆ ಕೊಡೋ ದುಡ್ಡು ಅದು.

ಇನ್ನು ಉಳಿದಿದ್ದು ನಮ್ಮಲ್ಲೇ ತಯಾರಾಗೋದು. ಮೊದಲೆಲ್ಲ ಸರ್ಕಾರದ ಆಯುಧ ಕಾರ್ಖಾನೆ, ಅಂದ್ರೆ ಆರ್ಡ್ನೆನ್ಸ್ ಫ್ಯಾಕ್ಟರಿ ಬಿಟ್ಟರೆ ಗತಿ ಇರಲಿಲ್ಲ. 2021ರ ಅಕ್ಟೋಬರ್ 1ಕ್ಕೆ ಅವನ್ನ ನಡೆಸ್ತಿದ್ದ ಮಂಡಳಿಯನ್ನೇ ಏಳು ಸರ್ಕಾರಿ ಕಂಪನಿಗಳಾಗಿ ಒಡೆದರು. ಖಾಸಗಿಯವರೂ ಈ ಕೆಲಸಕ್ಕೆ ಇಳಿದಿದ್ದಾರೆ. ಬೆಲೆ ಮಾತ್ರ ಇಳೀಲಿಲ್ಲ. 2014ರಲ್ಲಿ ನಿರ್ಭೀಕ್ ರಿವಾಲ್ವರ್ ಬಂದಾಗ ಅದರ ಬೆಲೆ 1.22 ಲಕ್ಷದ ಹತ್ತಿರ ಇತ್ತು, ‘ಹೆಣ್ಣುಮಕ್ಕಳ ರಕ್ಷಣೆಗೆ’ ಅಂತ ಸುದ್ದಿ ಮಾಡಿದ್ದರು. ಯಾವ ಹೆಣ್ಣುಮಗಳ ಹತ್ರ ಅಷ್ಟು ದುಡ್ಡು ಬಿದ್ದಿರುತ್ತೆ ಅಂತ ಆಗಲೇ ಕೇಳಬೇಕಿತ್ತು. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ 28ರಿಂದ 40 ಪರ್ಸೆಂಟ್ ಆಯ್ತು. ಲಕ್ಷ ರೂಪಾಯಿ ಮಾಲಿಗೆ ತೆರಿಗೆಯೇ 40 ಸಾವಿರ.

ಇಷ್ಟು ಕೊಟ್ಟು ತಗೊಳ್ಳೋನಿಗೆ ಏನು ನೋಡಬೇಕು ಅಂತ ಗೊತ್ತಿರುತ್ತಾ? ನಮ್ಮ ಭಾಮೈದನಿಗೆ ಕಂಡಿದ್ದು ಬಣ್ಣ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರೋ ಲೋಹದ ಭಾಗ) ಮೇಲೆ ಒಂದು ಕಡೆ ಕಪ್ಪು ಕಮ್ಮಿ, ಇನ್ನೊಂದು ಕಡೆ ಜಾಸ್ತಿ. ಹಿಡಿಯ ಪ್ಲಾಸ್ಟಿಕ್ ಅಂಚು ಸರಿಯಾಗಿ ಕೂತಿಲ್ಲ. "ಇದ್ಕೆ ಇಷ್ಟು ದುಡ್ಡಾ" ಅಂತ ಮುಖ ಸಿಂಡರಿಸಿದ. ನನಗೆ ಅದು ಲೆಕ್ಕಕ್ಕೇ ಬರಲಿಲ್ಲ. ಸ್ಲೈಡ್ ಒಳಗಡೆ ಟೂಲ್ ಓಡಿದ ಗೆರೆಗಳು ಎದ್ದು ಕಾಣ್ತಿದ್ದವು, ಅದೂ ದೊಡ್ಡದಲ್ಲ. ಕಾಣೋ ಕಡೆ ಪಾಲಿಶ್ ಮಾಡಿ ಕಾಣದ ಕಡೆ ಕೈ ಬಿಡೋದಕ್ಕಿಂತ ಇದೇ ವಾಸಿ.

ನಾನು ಗುಂಡು ತುಂಬೋ ಡಬ್ಬಿ, ಅಂದ್ರೆ ಮ್ಯಾಗಜಿನ್ ಈಚೆ ತೆಗೆಸಿದೆ. ಒಂದು ಹತ್ತಿ ಚೂರನ್ನ ಅದರ ಬಾಯಿಯ ಎರಡೂ ತುಟಿ ಮೇಲೆ ನಿಧಾನಕ್ಕೆ ಎಳೆದೆ. ಟೂಲ್‌ರೂಮಿನವರಿಗೆ ಇದು ದಿನಾ ಮಾಡೋ ಕೆಲಸ. ಕಣ್ಣಿಗೆ ಕಾಣದ ಬರ್, ಅಂದ್ರೆ ಲೋಹದ ಅಂಚಲ್ಲಿ ಉಳಿದ ಚೂಪು ಮುಳ್ಳು, ಹತ್ತಿಗೆ ಸಿಗುತ್ತೆ. ಎಡತುಟಿ ನುಣ್ಣಗಿತ್ತು. ಬಲತುಟಿಯ ಮುಂದಿನ ತುದಿಯಲ್ಲಿ ಎಳೆ ಸಿಕ್ಕಿಕೊಂಡು ಅಲ್ಲೇ ನಿಂತಿತು. ಅಂಗಡಿಯವರು ಒಳಗಿಂದ ಇನ್ನೊಂದು ಮ್ಯಾಗಜಿನ್ ತಂದುಕೊಟ್ಟರು, ಅದರಲ್ಲಿ ಎರಡು ಕಡೆಯೂ ಹತ್ತಿ ಜಾರಿ ಹೋಯ್ತು. ಒಂದೇ ಮಾಡೆಲ್, ಒಂದೇ ರೇಟು. ಇದು ಯಾವ ಕಂಪನಿಯದ್ದು ಅಂತ ಬರೆಯಲ್ಲ. ಒಂದು ಪೀಸ್ ನೋಡಿ ಇಡೀ ಕಾರ್ಖಾನೆಗೆ ಮಾರ್ಕ್ಸ್ ಹಾಕೋದು ನಾನು ಕಲಿತ ಕೆಲಸಕ್ಕೆ ಒಪ್ಪಲ್ಲ.

ಮ್ಯಾಗಜಿನ್ ಬಗ್ಗೆ ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ, ಈ ಜಾತಿಯ ಪಿಸ್ತೂಲಿನಲ್ಲಿ ಬೇರೆ ಕಷ್ಟದ ಭಾಗ ತುಂಬಾ ಇಲ್ಲ. ಬ್ಯಾರಲ್‌ಗೂ ಸ್ಲೈಡಿಗೂ ಲಾಕ್ ಇಲ್ಲ. ಗುಂಡು ಹಾರಿದಾಗ ಹಿಂದಕ್ಕೆ ಒತ್ತೋ ಶಕ್ತಿಯನ್ನ ತಡೆಯೋದು ಸ್ಲೈಡಿನ ತೂಕ ಮತ್ತು ಒಂದು ಸ್ಪ್ರಿಂಗ್. ಒತ್ತಡ ಇಳಿಯೋ ಹೊತ್ತಿಗೆ ಸ್ಲೈಡ್ ಹಿಂದೆ ಹೋಗಿ, ಖಾಲಿ ತೋಟಾ ಎಳೆದು ಎಸೆದು, ವಾಪಸ್ ಬರುವಾಗ ಮ್ಯಾಗಜಿನ್‌ನಿಂದ ಹೊಸದನ್ನ ದಬ್ಬಿಕೊಂಡು ಬರುತ್ತೆ. ಈ .32 ತೋಟಾವನ್ನ ರೂಪಿಸಿದವನು ಜಾನ್ ಬ್ರೌನಿಂಗ್, 1899ರ ಸುಮಾರಿಗೆ. ಅದರ ಬುಡದ ಅಂಚು ಮೈಗಿಂತ ಒಂಚೂರು ಹೊರಗೆ ಚಾಚಿರುತ್ತೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದಕ್ಕೊಂದು ಕೊಕ್ಕೆ ಹಾಕ್ಕೊಂಡು ನಿಲ್ಲುತ್ತೆ. ಎಷ್ಟೋ ಜನ ‘ಪಿಸ್ತೂಲು ಕೈ ಕೊಡ್ತು’ ಅಂತ ಬೈಯೋದು ಇಂಥದ್ದಕ್ಕೆ. ತುಂಬಿದವನ ತಪ್ಪಾ, ಮ್ಯಾಗಜಿನ್ ತಪ್ಪಾ, ಗುಂಡಿನ ತಪ್ಪಾ ಅಂತ ವಿಂಗಡಿಸೋಕೆ ಮತ್ತೆ ಮತ್ತೆ ಹಾರಿಸಿ ನೋಡಬೇಕು. ಅಲ್ಲೇ ಇರೋದು ತೊಡಕು.

ಭಾಮೈದನ ಲೈಸೆನ್ಸ್ ಪುಸ್ತಕದಲ್ಲಿ ವರ್ಷಕ್ಕೆ ಬರೆದಿರೋದು 50 ಗುಂಡು. ಅದರಲ್ಲಿ ಅರ್ಧ ಮನೇಲಿ ಇಟ್ಕೋಬೇಕು ಅನ್ನೋದು ಅವನ ಆಸೆ, ಸಹಜ. ಉಳಿದಿದ್ದು 25. ಇರಲಿ, 50ನ್ನೂ ಹಾರಿಸಿ ಒಂದೂ ತೊಂದರೆ ಆಗಲಿಲ್ಲ ಅಂತಲೇ ಇಟ್ಕೊಳ್ಳಿ. ಕ್ವಾಲಿಟಿ ಕಂಟ್ರೋಲ್ ಕೆಲಸ ಮಾಡಿದವರಿಗೆ ಒಂದು ಸುಲಭದ ಲೆಕ್ಕ ಗೊತ್ತಿರುತ್ತೆ: ಒಂದೂ ಫೇಲ್ ಆಗದೆ ಎಷ್ಟು ಸಲ ನಡೀತೋ ಆ ಸಂಖ್ಯೆಯಿಂದ 3ನ್ನ ಭಾಗಿಸಿ. 50ಕ್ಕೆ 6 ಪರ್ಸೆಂಟ್ ಬರುತ್ತೆ. ಅಂದ್ರೆ 50 ಗುಂಡು ಸಲೀಸಾಗಿ ಹೋದ ಪಿಸ್ತೂಲು ನೂರಕ್ಕೆ ಆರು ಸಲದವರೆಗೂ ಕೈ ಕೊಡೋ ಜಾತಿಯದ್ದೇ ಆಗಿರಬಹುದು, ಆ ಅನುಮಾನ ತಳ್ಳಿಹಾಕೋಕೆ ಆಗಲ್ಲ. ಅನುಮಾನವನ್ನ ನೂರಕ್ಕೆ ಒಂದಕ್ಕೆ ಇಳಿಸಬೇಕಾದ್ರೆ 300 ಗುಂಡು ಒಂದೂ ತಪ್ಪದೆ ಹೋಗಬೇಕು. ಇವನಿಗೆ ಅದು ಆರು ವರ್ಷದ ಕೋಟಾ. ಲೈಸೆನ್ಸ್ ಅವಧಿಯೇ ಐದು ವರ್ಷ!

1911ರಲ್ಲಿ ಅಮೆರಿಕದ ಸೈನ್ಯ ತನ್ನ ಪಿಸ್ತೂಲು ಆರಿಸಿದ ಕಥೆ ಇದಕ್ಕೆ ಹೇಳಿ ಮಾಡಿಸಿದ್ದು. ಕೋಲ್ಟ್ ಕಂಪನಿಯದ್ದೊಂದು, ಸ್ಯಾವೇಜ್ ಕಂಪನಿಯದ್ದೊಂದು, ಎರಡರಲ್ಲೂ 6,000 ಗುಂಡು ಹಾರಿಸಿದರು. ನೂರು ಹಾರಿಸಿ ಐದು ನಿಮಿಷ ತಣ್ಣಗಾಗೋಕೆ ಬಿಡೋದು, ಸಾವಿರಕ್ಕೊಂದು ಸಲ ಒರೆಸಿ ಎಣ್ಣೆ ಹಾಕೋದು. ಸ್ಯಾವೇಜ್ 37 ಸಲ ಮುಗ್ಗರಿಸಿತು. ಕೋಲ್ಟ್ ಒಂದು ಸಲವೂ ನಿಲ್ಲಲಿಲ್ಲ. ಆ ಕೋಲ್ಟ್ ರೂಪಿಸಿದವನೂ ಇದೇ ಬ್ರೌನಿಂಗ್. 37ನ್ನ 6,000ಕ್ಕೆ ಹಂಚಿ ನೋಡಿ: ಸರಾಸರಿ 160 ಗುಂಡಿಗೆ ಒಂದು. ನಮ್ಮ ಭಾಮೈದನ ಕೋಟಾದಲ್ಲಿ ಈ ಎರಡು ಪಿಸ್ತೂಲು ಪರೀಕ್ಷೆ ಮಾಡಿದ್ದರೆ, ಸೋತಿದ್ದೂ ಗೆದ್ದಿದ್ದೂ ಒಂದೇ ಥರ ಕಾಣೋ ಸಾಧ್ಯತೆಯೇ ಜಾಸ್ತಿ.

ಜೋಡಿ ಎತ್ತು ಕೊಳ್ಳೋಕೆ ಜಾತ್ರೆಗೆ ಹೋದವನು ಹಲ್ಲು ನೋಡ್ತಾನೆ, ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡ್ತಾನೆ. ಪಿಸ್ತೂಲಿಗೆ ಹಲ್ಲು ನೋಡಬಹುದು, ನಡೆಸಿ ನೋಡೋ ಹಾಗಿಲ್ಲ. ಅಂಗಡಿಯವರು ಬ್ಯಾರಲ್ ಮೇಲಿನ ಪ್ರೂಫ್ ಮುದ್ರೆ ತೋರಿಸಿ ‘ಟೆಸ್ಟ್ ಆಗಿ ಬಂದಿರೋದು ಸಾರ್’ ಅಂತಾರೆ. ಸುಳ್ಳಲ್ಲ. ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ಬ್ಯಾರಲ್ ಸಿಡಿಯಲ್ಲ ಅಂತ ಖಾತ್ರಿ ಮಾಡಿ ಹಾಕೋ ಮುದ್ರೆ ಅದು. ನಿಮ್ಮ ಕೈಗೆ ಅಪಾಯ ಇಲ್ಲ ಅಂತ ಹೇಳುತ್ತೆ. ಮೂರನೇ ಗುಂಡು ಮೇಲೆ ಬರುತ್ತೆ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಆಮೇಲೆ ಒಬ್ಬ ಪರಿಚಯದವರು ತಮ್ಮ .32 ಪಿಸ್ತೂಲನ್ನ ಶೂಟಿಂಗ್ ರೇಂಜಲ್ಲಿ ಹಾರಿಸುವಾಗ ಪಕ್ಕದಲ್ಲಿ ನಿಂತು ನೋಡಿದೆ. ಪಾಪ, ಜೋಪಾನವಾಗಿ ಇಟ್ಟಿದ್ದ ವಸ್ತು. ಮೊದಲ ಮ್ಯಾಗಜಿನ್ ಸಲೀಸು. ಆಮೇಲೆ ಕೈ ಸೋತು, ಮಣಿಕಟ್ಟು ಸಡಿಲ ಆಯ್ತು. ಖಾಲಿ ತೋಟಾ ಈಚೆ ಹಾರದೆ ಸ್ಲೈಡಿನ ಕಿಟಕಿಯಲ್ಲೇ ನೆಟ್ಟಗೆ ನಿಂತುಬಿಡ್ತು. ಅವರು ಪಿಸ್ತೂಲನ್ನ ಬೈದರು. ರೇಂಜಿನ ಉಸ್ತಾದ್ ಅದನ್ನೇ ತಗೊಂಡು ಬಿಗಿಯಾಗಿ ಹಿಡಿದು ಉಳಿದಿದ್ದೆಲ್ಲ ಹಾರಿಸಿದರು, ಏನೂ ಆಗಲಿಲ್ಲ. ಹಗುರ ಪಿಸ್ತೂಲಿನ ಸ್ಲೈಡ್ ಪೂರ್ತಿ ಹಿಂದೆ ಹೋಗಬೇಕಾದ್ರೆ ಕೈ ಗೋಡೆ ಥರ ನಿಲ್ಲಬೇಕಂತೆ. ಅಭ್ಯಾಸ ಇಲ್ಲದವನ ಕೈಯಲ್ಲಿ ಒಳ್ಳೆ ಪಿಸ್ತೂಲೂ ಕೆಟ್ಟದ್ದೇ. ಅಭ್ಯಾಸಕ್ಕೆ ಮತ್ತೆ ಬೇಕಾಗಿರೋದು ಅದೇ ಗುಂಡು.

ಮತ್ತೊಂದು, ಚುನಾವಣೆ ಬಂದಾಗ ಬಂದೂಕನ್ನ ಠಾಣೆಯಲ್ಲೋ ಡೀಲರ್ ಹತ್ರವೋ ಠೇವಣಿ ಇಡೋ ಪದ್ಧತಿ ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ವಾಪಸ್ ಬಂದ ಪಿಸ್ತೂಲನ್ನ ನೇರ ಸೊಂಟಕ್ಕೆ ಸಿಕ್ಕಿಸಿಕೊಳ್ಳೋರು ಇದ್ದಾರೆ. ತಿಂಗಳುಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದ ಎಣ್ಣೆ ಅಂಟಾಗಿರುತ್ತೆ, ಸ್ಪ್ರಿಂಗ್ ಬಲ ಅಂಟಿನಲ್ಲೇ ಖರ್ಚಾಗುತ್ತೆ. ಬಿಚ್ಚಿ ಒರೆಸಿ ತೆಳ್ಳಗೆ ಎಣ್ಣೆ ಸವರೋಕೆ ಹತ್ತು ನಿಮಿಷ ಸಾಕು. ಮ್ಯಾಗಜಿನ್ ತುಟಿಯನ್ನ ಮಾತ್ರ ಮನೇಲಿ ಅರ ಹಿಡಿದು ಉಜ್ಜಬೇಡಿ. ಲೈಸೆನ್ಸ್ ಇಲ್ಲದವರ ಹತ್ರ ರಿಪೇರಿ ಮಾಡಿಸೋದೂ ಕಾನೂನಿಗೆ ವಿರುದ್ಧ.

ಹಾಗಾದ್ರೆ ನಾನು ಏನು ಹೇಳಿದೆ? ರಿವಾಲ್ವರ್ ತಗೋ ಅಂದೆ. ಕಾರಣ ಇಷ್ಟೇ. ಪಿಸ್ತೂಲಿನ ಯಂತ್ರ ಓಡೋದು ಗುಂಡಿನ ಶಕ್ತಿಯಿಂದ. ಗುಂಡು ಹಾರಿಸದೆ ಅದರ ಪರೀಕ್ಷೆ ಆಗಲ್ಲ. ರಿವಾಲ್ವರ್ ಓಡೋದು ಬೆರಳಿನ ಬಲದಿಂದ. ಖಾಲಿ ಇಟ್ಟುಕೊಂಡೇ ಗುಂಡು ಕೂರೋ ಸಿಲಿಂಡರ್ ಸರಿಯಾಗಿ ತಿರುಗುತ್ತಾ, ಅದರ ಪ್ರತಿ ಮನೆಯೂ ಬ್ಯಾರಲ್ ಎದುರಿಗೆ ಬಂದು ಅಲುಗಾಡದೆ ನಿಲ್ಲುತ್ತಾ, ಬ್ಯಾರಲ್‌ಗೂ ಸಿಲಿಂಡರ್‌ಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯಾ ಅಂತ ಅಂಗಡಿ ಮೇಜಿನ ಮೇಲೇ ನೋಡಬಹುದು. ಒಂದು ಗುಂಡು ಸಿಡಿಯದೆ ಹೋದ್ರೆ ಮತ್ತೆ ಟ್ರಿಗರ್ ಎಳೆದ್ರೆ ಪಕ್ಕದ್ದು ಬರುತ್ತೆ; ಕತ್ತಲಲ್ಲಿ ಎರಡೂ ಕೈ ಹಾಕಿ ಸ್ಲೈಡ್ ಎಳೆಯೋ ಪ್ರಮೇಯ ಇಲ್ಲ. ಟ್ರಿಗರ್ ಬಿಗಿ, ಗುಂಡು ಕಮ್ಮಿ, ಒಳಗಿನ ಸಣ್ಣ ಭಾಗ ಮುರಿದ್ರೆ ಮಿಸ್ತ್ರಿಯೇ ಗತಿ, ಎಲ್ಲಾ ನಿಜ. ಆದ್ರೂ ವರ್ಷಕ್ಕೆ 50 ಗುಂಡಿನವನಿಗೆ ಅದೇ ಸರಿ. ರೇಂಜಿಗೆ ಬಿಡದೆ ಹೋಗೋ ಅಭ್ಯಾಸ ಇರೋರು ಪಿಸ್ತೂಲು ತಗೊಳ್ಳಲಿ, ಅವರಿಗೆ ಕೊಟ್ಟ ದುಡ್ಡು ದಕ್ಕುತ್ತೆ.

ಸಾಲದ್ದಕ್ಕೆ ಒಂದು ಎಚ್ಚರಿಕೆ: ಪಿಸ್ತೂಲಿನ .32 ತೋಟಾ ಬೇರೆ, ರಿವಾಲ್ವರಿನ .32 ತೋಟಾ ಬೇರೆ. ನಂಬರ್ ಒಂದೇ ಇದೆ ಅಂತ ಪರಿಚಯದವರ ಡಬ್ಬಿಯಿಂದ ಎತ್ತಿ ತುಂಬಿಸೋಕೆ ಹೋಗಬೇಡಿ.

ಭಾಮೈದ ಗೊಣಗಿಕೊಂಡೇ ರಿವಾಲ್ವರ್ ತಗೊಂಡ. "ಪಿಸ್ತೂಲಾದ್ರೆ ಸೊಂಟಕ್ಕೆ ಚಪ್ಪಟೆ ಕೂರ್ತಿತ್ತು ಭಾವ, ಇದು ಅಂಗಿ ಎತ್ತಿ ಹಿಡೀತದೆ" ಅಂತ ಈಗಲೂ ಅಂತಾನೆ. ದುಡ್ಡಿನ ಬ್ಯಾಗ್ ರಾತ್ರಿ ತಗೊಂಡು ಹೋಗೋದನ್ನ ನಿಲ್ಲಿಸಿ ಬ್ಯಾಂಕಿಗೆ ಕಟ್ಟು ಅಂತಲೂ ಹೇಳಿದ್ದೆ. ಅದಕ್ಕೆ ಉತ್ತರ ಇಲ್ಲ.

ಸರ್ಕಾರ 2016ರ ಆಯುಧ ನಿಯಮಗಳಲ್ಲಿ ಅರ್ಜಿದಾರನಿಗೆ ಸುರಕ್ಷತಾ ತರಬೇತಿ ಬೇಕು ಅಂತ ಬರೆದಿದೆ, ಒಳ್ಳೇದು. ಅದರ ಜೊತೆಗೆ ಹೊಸ ಆಯುಧ ಕೊಂಡವನು ರೇಂಜಲ್ಲೇ ತಗೊಂಡು, ರೇಂಜಲ್ಲೇ ಹಾರಿಸಿ, ಖಾಲಿ ತೋಟಾ ಅಲ್ಲೇ ಎಣಿಸಿಕೊಟ್ಟು ಬರೋ ಹಾಗೆ ಒಂದು 300 ಗುಂಡು ಪರೀಕ್ಷೆಗೆ ಅಂತ ಬೇರೆ ಲೆಕ್ಕದಲ್ಲಿ ಕೊಡಲಿ. ಒಂದು ಗುಂಡೂ ಮನೆಗೆ ಹೋಗಲ್ಲ. ಮುಗ್ಗರಿಸಿದ ಪಿಸ್ತೂಲು ಕಾರ್ಖಾನೆಗೆ ವಾಪಸ್ ಹೋಗುತ್ತೆ. ಹಾಗೆ ವಾಪಸ್ ಬರೋಕೆ ಶುರುವಾದ್ರೆ ಮ್ಯಾಗಜಿನ್ ತುಟಿಯ ಬರ್ ತೆಗೆಯೋಕೆ ಕಾರ್ಖಾನೆಯವರಿಗೂ ಪುರುಸೊತ್ತು ಸಿಗುತ್ತೆ.

ಇನ್‌ಬಾಕ್ಸಿಗೆ ಬಂದು ‘ಯಾವ ಕಂಪನಿ, ಯಾವ ಅಂಗಡಿ’ ಅಂತ ಕೇಳಬೇಡಿ, ಹೇಳಲ್ಲ. ಲೈಸೆನ್ಸ್ ಇದ್ದು ಪಿಸ್ತೂಲೇ ಬೇಕು ಅನ್ನೋರು ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂಚೂರು ಹತ್ತಿ ಇಟ್ಕೊಂಡು ಹೋಗಿ. ಎರಡನೇ ಮ್ಯಾಗಜಿನ್ ಕೇಳಿ, ಸ್ಪ್ರಿಂಗ್, ಖಾಲಿ ತೋಟಾ ಎಳೆಯೋ ಎಕ್ಸ್‌ಟ್ರಾಕ್ಟರ್ ಬಿಡಿಯಾಗಿ ಸಿಗುತ್ತಾ ಕೇಳಿ, ಕೆಟ್ಟರೆ ಎಲ್ಲಿಗೆ ಕಳಿಸ್ತಾರೆ, ಎಷ್ಟು ದಿನ ಹಿಡಿಯುತ್ತೆ ಅಂತ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.