ಮ್ಯೂಟ್ ತೆಗೆದು ಮಾತನಾಡಿ

ಆನ್‌ಲೈನ್ ತರಗತಿಯಲ್ಲಿ ವಿದ್ಯಾರ್ಥಿಗಳು ಬಾಯಿ ಬಿಡುವುದೇ ಇಲ್ಲವೆಂಬ ದೂರು ಪೂರ್ತಿ ನಿಜವಲ್ಲ. ಮೇಷ್ಟರು ಪರದೆಯ ಮೇಲೆ ಕಾಣಿಸಿಕೊಂಡ ಕೂಡಲೇ ‘ಗುಡ್ ಮಾರ್ನಿಂಗ್ ಸರ್’ಗಳು ಸಾಲುಗಟ್ಟುತ್ತವೆ, ‘ನನ್ನ ಧ್ವನಿ ಕೇಳಿಸುತ್ತಿದೆಯೇ?’ ಎಂದರೆ ‘ಆಡಿಬಲ್ ಸರ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಸಾರುತ್ತದೆ. ಹಾಜರಿಯ ಹೊತ್ತಿಗಂತೂ ಹಾಸಿಗೆಯಲ್ಲಿದ್ದವರೂ ಎದ್ದು ಕುಳಿತಿರುತ್ತಾರೆ. ಪಾಠ ಮುಗಿಸಿ ‘ಈ ಬಗ್ಗೆ ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಕೇಳಿದಾಗ ಮಾತ್ರ ಎಲ್ಲರ ನೆಟ್‌ವರ್ಕೂ ಒಟ್ಟಿಗೇ ಕೈಕೊಡುತ್ತದೆ. ಮ್ಯೂಟ್ ಮಾಡಲು ಮರೆತ ಯಾರದೋ ಮನೆಯ ಕುಕ್ಕರ್ ಎರಡು ಸಲ ಕೂಗುತ್ತದೆ, ಇನ್ಯಾರದೋ ಬೀದಿಯಲ್ಲಿ ಸೊಪ್ಪಿನವರು ದಂಟು, ಮೆಂತ್ಯ ಎಂದು ಸಾರುತ್ತಾ ಹೋಗುತ್ತಾರೆ. ಆ ದಿನದ ಚರ್ಚೆಗೆ ಅಷ್ಟೇ ಕೊಡುಗೆ.

2020ರ ಮಾರ್ಚಿನಲ್ಲಿ ಬೆಂಗಳೂರಿನ ತರಗತಿಗಳೆಲ್ಲ ಮೊಬೈಲಿನೊಳಗೆ ಹೊಕ್ಕಾಗ ಈ ಮೌನಕ್ಕೆ ನೆವಗಳು ಹೇರಳವಾಗಿದ್ದವು. ಈಗ ನೆವಗಳು ಕರಗಿವೆ, ಸಂಜೆಯ ಆನ್‌ಲೈನ್ ತರಗತಿಗಳೂ ಅವುಗಳ ಜೊತೆಗಿನ ಲಿಖಿತ ಚರ್ಚೆಗಳೂ ಉಳಿದುಕೊಂಡಿವೆ. ಆ ಚರ್ಚೆಗಳ ಸ್ವರೂಪವೂ ಒಂದೇ: ಮೊದಲು ಬಂದವಳು ನಾಲ್ಕು ಸಾಲು ಬರೆಯುತ್ತಾಳೆ, ಮಿಕ್ಕವರೆಲ್ಲ ‘ನಾನೂ ಇದನ್ನೇ ಒಪ್ಪುತ್ತೇನೆ’ ಎಂದು ಸಹಿ ಹಾಕಿ ಹೋಗುತ್ತಾರೆ. ಇದಕ್ಕೆ ಹುಡುಗರ ಸೋಮಾರಿತನವನ್ನು ಹೊಣೆ ಮಾಡುವುದು ಸುಲಭವಾದರೂ, ಹತ್ತರಲ್ಲಿ ಏಳು ಪಾಲು ತಪ್ಪು ನಾವು ಕೇಳುವ ಪ್ರಶ್ನೆಯದು ಎಂದೇ ನನ್ನ ಅನಿಸಿಕೆ.

ಪರಿಸರ ಅಧ್ಯಯನದ ತರಗತಿಯಲ್ಲಿ ‘ಬೆಂಗಳೂರಿನ ಕೆರೆಗಳು ನಾಶವಾಗಲು ಕಾರಣಗಳೇನು?’ ಎಂದು ಕೇಳಿದರೆ ನಗರೀಕರಣ, ಒತ್ತುವರಿ, ಕೊಳಚೆ ನೀರು ಎಂಬ ಮೂರು ಪದಗಳಿಗೆ ಉತ್ತರ ಮುಗಿದೇ ಹೋಗುತ್ತದೆ. ಎರಡನೆಯವನಿಗೆ ಹೇಳಲು ಏನು ಉಳಿಯಿತು? ಅದರ ಬದಲಿಗೆ, ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ, ನಿಮ್ಮ ಮನೆಯ ಸಮೀಪದ ಕೆರೆ ಏನಾಯಿತೆಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ, ಹಾಗೆ ಆದದ್ದು ಸರಿಯೋ ತಪ್ಪೋ ಹೇಳಿ ಎಂದರೆ ಚಿತ್ರವೇ ಬೇರೆ. ವರ್ತೂರಿನ ಹುಡುಗಿಯೊಬ್ಬಳು, ಕೆರೆಯ ನೊರೆ ರಸ್ತೆಗೆ ಹಾರಿ ಬಂದು ತನ್ನ ತಂದೆಯ ಸ್ಕೂಟರಿನ ಸೀಟಿನ ಮೇಲೆ ಕುಳಿತದ್ದನ್ನೂ, ಅದೇ ಕೆರೆಯ ಕಲ್ಲಿನ ಮೇಲೆ ಅಜ್ಜಿ ಬಟ್ಟೆ ಒಗೆಯುತ್ತಿದ್ದದ್ದನ್ನೂ ಬರೆದಳು. ಅದರ ಕೆಳಗೇ ಹಾಸನದ ಕಡೆಯ ಹುಡುಗನ ತಕರಾರು: ‘ಕೆರೆ ಉಳಿಸಬೇಕಿತ್ತು ಎಂದು ಎಲ್ಲರೂ ಹೇಳುತ್ತೀರಿ, ಮೆಜೆಸ್ಟಿಕ್ ಇಲ್ಲದಿದ್ದರೆ ಊರಿನಿಂದ ಬಂದ ನಾವು ಎಲ್ಲಿ ಇಳಿಯಬೇಕಿತ್ತು?’ ಅಲ್ಲಿಂದ ಮುಂದೆ ‘ಒಪ್ಪುತ್ತೇನೆ’ ಎನ್ನಲು ಯಾರಿಗೂ ಪುರುಸೊತ್ತಿರಲಿಲ್ಲ. ಸಹಪಾಠಿಯ ಒಂದು ಮಾತನ್ನು ಎತ್ತಿಕೊಂಡು ಅದಕ್ಕೊಂದು ಪ್ರಶ್ನೆಯನ್ನೋ ಪುರಾವೆಯನ್ನೋ ಸೇರಿಸಬೇಕೆಂಬ ಒಂದೇ ನಿಯಮ ಸಾಕಾಯಿತು.

ಇಂಥ ಹೊತ್ತಿನಲ್ಲಿ ಅಧ್ಯಾಪಕರು ಮಾಡಬೇಕಾದ ಕಠಿಣ ಕೆಲಸವೆಂದರೆ ಸುಮ್ಮನಿರುವುದು. ಪ್ರಶ್ನೆ ಕೇಳಿದ ಮೇಲೆ ಅಧ್ಯಾಪಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗಿ ಹೆಚ್ಚು ಮಕ್ಕಳು ತಾವಾಗಿಯೇ ಮಾತನಾಡುತ್ತಾರೆಂದೂ ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಅದು ಎದುರುಬದುರು ಕುಳಿತ ತರಗತಿಯ ಲೆಕ್ಕ. ಮ್ಯೂಟ್ ಗುಂಡಿ ಹುಡುಕಿ, ತಮ್ಮನನ್ನು ಗದರಿಸಿ, ಪಕ್ಕದ ಕೋಣೆಯ ಟಿವಿ ತಗ್ಗಿಸಿ, ವಾಕ್ಯವನ್ನು ಮನಸ್ಸಿನಲ್ಲೊಮ್ಮೆ ಜೋಡಿಸಿಕೊಂಡು ಮಾತನಾಡಬೇಕಾದವರಿಗೆ ಮೂರು ಸೆಕೆಂಡ್ ಯಾವ ಮೂಲೆಗೆ? ಲಿಖಿತ ಚರ್ಚೆಯಲ್ಲಿ ನಮ್ಮ ಅವಸರ ‘ವೆರಿ ಗುಡ್’ ಎಂಬ ರೂಪದಲ್ಲಿ ಬರುತ್ತದೆ. ಮೇಷ್ಟರ ಮುದ್ರೆ ಬಿದ್ದ ಉತ್ತರದ ಕೆಳಗೆ ಎದುರುವಾದ ಹೂಡುವ ಧೈರ್ಯ ಯಾರಿಗಿದೆ?

ಇನ್ನೊಂದು ಅಡ್ಡಿ ಭಾಷೆಯದು, ಇದನ್ನು ನಮ್ಮ ಊರಿನ ಕಾಲೇಜುಗಳಲ್ಲಿ ಬಾಯಿಬಿಟ್ಟು ಹೇಳುವವರು ಕಡಿಮೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗರು, ಬರೆದದ್ದು ಎಲ್ಲರ ಕಣ್ಣಿಗೂ ಬಿದ್ದು ಅಲ್ಲೇ ಉಳಿಯುತ್ತದಲ್ಲ ಎಂಬ ಅಳುಕಿಗೆ ಒಂದು ಸಾಲಿನಲ್ಲೇ ತಪ್ಪಿಸಿಕೊಳ್ಳುತ್ತಾರೆ. ಕನ್ನಡದಲ್ಲಿ ಬರೆಯಿರಿ, ಟೈಪ್ ಮಾಡಲು ಬಾರದಿದ್ದರೆ ಧ್ವನಿ ಸಂದೇಶ ಕಳಿಸಿ, ಮೊದಲು ನಾಲ್ಕೈದು ಜನರ ಗುಂಪಿನಲ್ಲೇ ಹೇಳಿ ನೋಡಿ ಎಂದರೆ ಅರ್ಧ ಸಂಕೋಚ ಕಳೆಯುತ್ತದೆ. ಮೆಜೆಸ್ಟಿಕ್ಕಿನ ಪ್ರಶ್ನೆ ಎತ್ತಿದ ಹುಡುಗ ಅಲ್ಲಿಯವರೆಗೆ ‘ಎಸ್ ಸರ್’ ಬಿಟ್ಟು ಬೇರೇನನ್ನೂ ಬರೆದವನಲ್ಲ.

ಅಂಕದ ವಿಷಯ ಬೇರೆಯೇ ಕಥೆ. ಎರಡು ಪ್ರತಿಕ್ರಿಯೆಗೆ ಎರಡು ಅಂಕವೆಂದು ಸಾರಿದರೆ, ಗಡುವಿನ ದಿನ ರಾತ್ರಿ ಹನ್ನೊಂದೂವರೆಗೆ ಇಡೀ ತರಗತಿಗೆ ಏಕಕಾಲದಲ್ಲಿ ಜ್ಞಾನೋದಯವಾಗುತ್ತದೆ. ಈಚೆಗೆ ಚಾಟ್‌ಜಿಪಿಟಿಯ ಕೃಪೆಯಿಂದ ಆ ಜ್ಞಾನದ ಶೈಲಿಯೂ ಒಂದೇ: ಮೂರು ಸಮನಾದ ಪ್ಯಾರಾ, ಕೊನೆಗೊಂದು ‘ಒಟ್ಟಾರೆಯಾಗಿ ಹೇಳುವುದಾದರೆ’. ಹೀಗಾಗಿ ನಾನು ಪ್ರತಿಕ್ರಿಯೆಗಳನ್ನು ಎಣಿಸುವುದಿಲ್ಲ. ಯಾರ ಮಾತಿನಿಂದ ಇನ್ನೊಬ್ಬರ ಮಾತು ಹುಟ್ಟಿತು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತೇನೆ. ಅಜ್ಜಿಯನ್ನು ಕೇಳಿ ಬರೆಯಿರಿ ಎಂದರೂ ಆ ಯಂತ್ರ ಹೆದರುವುದಿಲ್ಲ, ತಕ್ಷಣ ಒಬ್ಬ ಅಜ್ಜಿಯನ್ನೇ ಸೃಷ್ಟಿಸಿ ಕೊಡುತ್ತದೆ. ಆದರೆ ಆ ಅಜ್ಜಿಗೆ ಕೆರೆಯ ವಿಸ್ತೀರ್ಣ ಗೊತ್ತಿರುತ್ತದೆಯೇ ಹೊರತು ಬಟ್ಟೆ ಒಗೆದ ಕಲ್ಲು ಯಾವ ದಡದಲ್ಲಿತ್ತೆಂಬುದು ಗೊತ್ತಿರುವುದಿಲ್ಲ. ವರ್ತೂರಿನ ಹುಡುಗಿ ಹಾಕುವ ಎರಡನೆಯ ಮರುಪ್ರಶ್ನೆಗೇ ಆ ಅಜ್ಜಿ ಸಿಕ್ಕಿಬೀಳುತ್ತಾಳೆ.