ಜೇನಿಗೊಂದು ರಸಮಟ್ಟ

ಜೇನುಪೆಟ್ಟಿಗೆಯಿಂದ ಒಂದು ಚೌಕಟ್ಟು ಎತ್ತಿದರೆ ಮೂರು ಒಟ್ಟಿಗೇ ಬಂದವು. ಹುಳ ಎರಿಯನ್ನು, ಅಂದರೆ ಮೇಣದ ಹಲ್ಲೆಯನ್ನು, ಅಡ್ಡಡ್ಡ ಕಟ್ಟಿ ಮೂರಕ್ಕೂ ಬೆಸುಗೆ ಹಾಕಿಬಿಟ್ಟಿದ್ದವು. ಜೇನುಹುಳದ ಶಿಸ್ತು ನೋಡಿ ಕಲೀರಿ ಅಂತ ಗ್ಯಾದರಿಂಗಿನಲ್ಲಿ ಭಾಷಣ ಬಿಗಿಯುವವರನ್ನು ಹಿಡಿದು ತಂದು ಇದನ್ನು ಬಿಡಿಸ್ರಿ ಅನ್ನಬೇಕು. ಆರು ಮೂಲೆಯ ಕೋಣೆ ಚೆಂದವೇ, ಒಪ್ಪಿದೆ. ಆದರೆ ಓಣಿಯೇ ಸೊಟ್ಟ ಅಲ್ವಾ?

ಹೆಜ್ಜೇನಿಗೆ ಈ ರಗಳೆ ಇಲ್ಲ. ಆನೆಗೊಂದಿ ಕಡೆಯ ಬಂಡೆಗೆ ಒಂದೇ ಒಂದು ಎರಿ ಇಳಿಬಿಟ್ಟು ಹಾಯಾಗಿರುತ್ತದೆ. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಎರಿಗಳು ಸಾಲಾಗಿ ಬೇಕು, ಮೊದಲನೆಯದು ಸೊಟ್ಟಗಾದರೆ ಪಕ್ಕದ್ದೂ ಅದನ್ನೇ ನೋಡಿ ಸೊಟ್ಟಗಾಗುತ್ತದೆ. 1851ರಲ್ಲಿ ಲ್ಯಾಂಗ್‌ಸ್ಟ್ರಾತ್ ಎಂಬ ಅಮೆರಿಕದ ಪಾದ್ರಿ, ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಸಂದು ಬಿಟ್ಟರೆ ಹುಳ ಅದನ್ನು ಓಡಾಡಲು ಖಾಲಿ ಇಡುತ್ತವೆ ಎಂದು ಕಂಡುಕೊಂಡು ಚೌಕಟ್ಟಿನ ಪೆಟ್ಟಿಗೆ ಮಾಡಿದ. ಒಳ್ಳೇದೇ. ಆದರೆ ಅವನ ಪೆಟ್ಟಿಗೆ ನಮ್ಮ ಕೊಪ್ಪಳದ ಎರೆಮಣ್ಣಿನ ಮೇಲೆ ಕೂತಿರಲಿಲ್ಲವಲ್ಲ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿಟ್ಟದ್ದು ವಾಲುತ್ತದೆ. ಎರಿ ಮಾತ್ರ ನೆಲದ ಕಡೆಗೆ ನೆಟ್ಟಗೇ ಇಳಿಯುವುದು. ಹಾಗಾಗಿ ವಾಲಿದ ಚೌಕಟ್ಟಿನಿಂದ ಹೊರಗೆ ಬಿದ್ದು ಪಕ್ಕದ ಮನೆ ಸೇರುತ್ತದೆ.

ಅದಕ್ಕೇ ಓಣಿಯ ಗೌಂಡಿಯಿಂದ ರಸಮಟ್ಟ ಇಸ್ಕೊಂಡು ಬಂದೆ. "ಹುಳಕ್ಕೂ ಮಟ್ಟ ನೋಡ್ತೀರೇನ್ರಿ?" ಅಂತ ನಕ್ಕು ಕೊಟ್ಟ. ಪೆಟ್ಟಿಗೆಯ ಒಂದು ಕಾಲಿಗೆ ಹೆಂಚಿನ ಚೂರು ಕೊಟ್ಟೆ, ರಸಮಟ್ಟದ ಗಾಳಿಗುಳ್ಳೆ ನಡುವೆ ಬಂತು, ಅಲ್ಲಿಗೆ ಕೆಲಸ ಮುಗಿದಿತ್ತು. ಅಷ್ಟರಲ್ಲಿ ರಸಮಟ್ಟ ಅಪ್ಪನ ಕೈಗೆ ಸಿಕ್ಕಿತು.

ಮೊದಲು ಮಂಚ. ಆಮೇಲೆ ಟಿವಿ ಸ್ಟ್ಯಾಂಡು, ದೇವರ ಜಗುಲಿ, ಅಡುಗೆಮನೆ ಕಟ್ಟೆ. "ಇದಕ್ಕೇ ನೋಡು ಸಾರು ಒಂದ್ ಕಡೀ ಹರೀತದ" ಅಂದರು. ಅವ್ವ ಲಟ್ಟಣಿಗೆ ಕೈಗೆತ್ತಿಕೊಂಡಳು. ಅಪ್ಪ ಕಾಂಪೌಂಡಿಗೆ ಹೋದರು. ಪಕ್ಕದ ಮನೆಯವರ ಗೋಡೆ ನಮ್ಮ ಕಡೆ ವಾಲಿದೆ ಎಂಬುದು ಅವರಿಗೆ ಎಷ್ಟೋ ವರ್ಷಗಳ ಗುಮಾನಿ, ಈಗ ಸಾಕ್ಷಿ ಸಿಕ್ಕಿತು. ಪಕ್ಕದ ಕಾಕಾ ಲುಂಗಿ ಬಿಗಿದುಕೊಂಡು ಹೊರಗೆ ಬಂದು, "ನಿಮ್ ರಸಮಟ್ಟಾನ ಸೊಟ್ಟದ" ಅಂದರು. ಆಗ ಇಬ್ಬರೂ ಅದನ್ನು ತಿರುಗಿಸಿ ತಿರುಗಿಸಿ ಇಟ್ಟು ಪರೀಕ್ಷೆ ಮಾಡಿದರು. ಚಹಾ ಎರಡು ಸಲ ಬಂತು.

ನಾನು ಅತ್ತ ಮೇಣ ಇನ್ನೂ ಮೆತ್ತಗಿದ್ದ ಕಡೆ ಎರಿಯನ್ನು ಕೊಯ್ದು, ಬೆರಳಲ್ಲಿ ಒತ್ತಿ, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿದೆ. ಖಾಲಿ ಚೌಕಟ್ಟನ್ನು ನೆಟ್ಟಗಿರುವ ಎರಡರ ನಡುವೆ ಸೇರಿಸಿದೆ. ಹುಳಕ್ಕೆ ಬುದ್ಧಿ ಹೇಳುವುದಕ್ಕಿಂತ ಇದು ವಾಸಿ. ಇಷ್ಟೆಲ್ಲ ಮಾಡಿ ಎದ್ದರೆ "ಜೇನು ಎಷ್ಟು ಬಂತು?" ಅಂತ ಗೇಟಿನಲ್ಲಿ ಯಾರೋ ಕೇಳುತ್ತಾರೆ. ಅದೊಂದೇ ಪ್ರಶ್ನೆ ನಮ್ಮ ಜನಕ್ಕೆ ಗೊತ್ತಿರುವುದು.

ಸಂಜೆ ಗೌಂಡಿ ರಸಮಟ್ಟ ಕೇಳಲು ಬಂದ. ಅಪ್ಪ, ಕಾಕಾ ಇಬ್ಬರೂ ಇರಲಿಲ್ಲ. ಗಟಾರದ ಮಟ್ಟ ನೋಡಲು ಓಣಿಯ ಕೊನೆಗೆ ಹೋಗಿದ್ದರು. ಅವನೂ ಅತ್ತಲೇ ನಡೆದ.