ಎಷ್ಟು ಲಕ್ಷ ಕೊಡ್ತಾರೆ?

ಊರಿಂದ ಫೋನು ಬಂದಾಗಲೆಲ್ಲ ಅದೇ ಪ್ರಶ್ನೆ: "ಅಮೆರಿಕದಲ್ಲಿ ವಯಸ್ಸಾದವರಿಗೆ ಸರ್ಕಾರ ಎಷ್ಟು ಲಕ್ಷದ ವಿಮೆ ಕೊಡುತ್ತೆ?" ಇಲ್ಲಿ ವಯಸ್ಸಾದವರ ಸರ್ಕಾರಿ ವಿಮೆಯಾದ ಮೆಡಿಕೇರ್‌ನಲ್ಲಿ ಲಕ್ಷದ ಲೆಕ್ಕವೇ ಇಲ್ಲ ಅಂದರೆ, ಏನೋ ಮುಚ್ಚಿಡ್ತಿದ್ದಾರೆ ಅನ್ನೋ ಅನುಮಾನ.

ಕೇಳುವವರ ತಪ್ಪಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ಅಂದಿತು, ಅಂದರೆ ವರ್ಷಕ್ಕೆ 5 ಲಕ್ಷ. ಕಾಂಗ್ರೆಸ್ 25 ಲಕ್ಷದ ನಗದುರಹಿತ ವಿಮೆ ಅಂದಿತು. ಹರಾಜು ಕೂಗಿದ ಹಾಗೆ. ಆಯುಷ್ಮಾನ್ ದುಡ್ಡು ಸಿಗುವುದು ಆಸ್ಪತ್ರೆಗೆ ದಾಖಲಾದರೆ ಮಾತ್ರ. ಜೊತೆಗೆ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಖರ್ಚು. ಆದರೆ ಮುಪ್ಪಿನಲ್ಲಿ ಕೈ ಖಾಲಿಯಾಗುವುದು ತಿಂಗಳು ತಿಂಗಳೂ: ಸಕ್ಕರೆ ಮಾತ್ರೆ, ಬಿಪಿ ಮಾತ್ರೆ, ರಕ್ತಪರೀಕ್ಷೆ, ಡಾಕ್ಟರ ಫೀಸು. ಮಿತಿಯನ್ನು 5ರಿಂದ 25ಕ್ಕೆ ಏರಿಸಿದರೂ ಔಷಧದಂಗಡಿಯ ಬಿಲ್ಲು ಒಂದು ಪೈಸೆ ಇಳಿಯುವುದಿಲ್ಲ. ಒಂದೊಂದು ಚಿಕಿತ್ಸೆಗೂ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರ ಗಿಟ್ಟುವುದಿಲ್ಲ ಎಂದು ಖಾಸಗಿ ಆಸ್ಪತ್ರೆ ಯೋಜನೆಗೆ ಸೇರದೇ ಹೋದರೆ ಕಾರ್ಡಿನ ಮೇಲಿನ ಅಂಕಿ ಬರೀ ಅಂಕಿ. ಪ್ರಚಾರ ಸಭೆಗಳಲ್ಲಿ ಇದನ್ನು ಎತ್ತಿದವರು ಎಷ್ಟು ಜನ?

ಇಲ್ಲಿ ಅಮೆರಿಕದಲ್ಲಿ ಹಾಗೆ ಬಿಡುವುದಿಲ್ಲ. 2011ರಲ್ಲಿ ರಿಪಬ್ಲಿಕನ್ ಸಂಸದ ಪಾಲ್ ರಯಾನ್ ಒಂದು ಪ್ರಸ್ತಾಪ ತಂದರು: ಆಗ 55 ತುಂಬದವರಿಗೆ ಮುಂದೆ ಮೆಡಿಕೇರ್ ಬದಲು ಖಾಸಗಿ ವಿಮೆ ಕೊಳ್ಳಲು ಸರ್ಕಾರದಿಂದ ನಿಗದಿತ ಮೊತ್ತ, 2022ರಿಂದ ಜಾರಿ. ಸಂಸತ್ತಿನ ಬಜೆಟ್ ಕಚೇರಿ ಕೂತು ಲೆಕ್ಕ ಹಾಕಿತು. 2030ರ ಹೊತ್ತಿಗೆ 65 ತುಂಬಿದವರು ಖರ್ಚಿನ ಶೇ 68ರಷ್ಟನ್ನು ತಾವೇ ಹೊರಬೇಕಾಗುತ್ತದೆ, ಇದ್ದ ವ್ಯವಸ್ಥೆಯಲ್ಲಾದರೆ ಶೇ 25ರಿಂದ 30. ಅಧ್ಯಕ್ಷ ಅಭ್ಯರ್ಥಿ ಮಿಟ್ ರಾಮ್ನಿ ಜೊತೆ ರಯಾನ್ 2012ರ ಕಣಕ್ಕಿಳಿಯುವಾಗ, ಅವರ ಪ್ರಸ್ತಾಪದಲ್ಲಿ ಹಳೆಯ ಮೆಡಿಕೇರ್ ಕೂಡ ಒಂದು ಆಯ್ಕೆಯಾಗಿ ಉಳಿದಿತ್ತು.

2024ರ ಅಧ್ಯಕ್ಷ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಮನೆಯಲ್ಲೇ ಆರೈಕೆ, ಕಣ್ಣು, ಕಿವಿ ಇವನ್ನು ಮೆಡಿಕೇರ್‌ಗೆ ಸೇರಿಸುತ್ತೇನೆ ಎಂದಾಗ ದುಡ್ಡಿನ ಮೂಲವನ್ನೂ ಹೇಳಬೇಕಾಯಿತು: ಔಷಧ ಕಂಪನಿಗಳ ಜೊತೆ ಚೌಕಾಶಿ ಮಾಡಿ ಉಳಿಸಿದ್ದು. ಆ ಚೌಕಾಶಿಗೆ ದಾರಿ ಮಾಡಿದ 2022ರ ಕಾನೂನೇ ಇನ್ಸುಲಿನ್ನಿಗೆ ತಿಂಗಳಿಗೆ 35 ಡಾಲರ್, 2025ರಲ್ಲಿ ವರ್ಷದ ಔಷಧ ಖರ್ಚಿಗೆ 2,000 ಡಾಲರ್ ಮಿತಿ ಹಾಕಿತು. ಡೊನಾಲ್ಡ್ ಟ್ರಂಪ್ ಮೆಡಿಕೇರ್ ಮುಟ್ಟುವುದಿಲ್ಲ ಎಂದರು, ಮನೆಯ ಹಿರಿಯರನ್ನು ನೋಡಿಕೊಳ್ಳುವವರಿಗೆ ತೆರಿಗೆ ರಿಯಾಯಿತಿ ಎಂದರು. ತೆರಿಗೆಯೇ ಬೀಳದಷ್ಟು ಸಂಪಾದನೆ ಇರುವವರಿಗೆ ಅದನ್ನು ನಗದಾಗಿ ಕೊಡದಿದ್ದರೆ ಏನೂ ದಕ್ಕುವುದಿಲ್ಲ. ಮೆಡಿಕೇರಿನ ಯಾವ ಪಾರ್ಟ್ (ಎ ಆಸ್ಪತ್ರೆಗೆ, ಬಿ ಡಾಕ್ಟರಿಗೆ, ಡಿ ಔಷಧಕ್ಕೆ), ಯಾವ ವಯಸ್ಸು, ಯಾರ ದುಡ್ಡು ಎಂದು ಕೇಳಿದರೆ ಅರ್ಧ ಭಾಷಣ ಅಲ್ಲೇ ಉದುರುತ್ತದೆ. ಮೂಲ ಮೆಡಿಕೇರ್ ಬದಲು ಖಾಸಗಿ ಕಂಪನಿಗಳು ಕೊಡುವ ಅಡ್ವಾಂಟೇಜ್ ಪ್ಲಾನನ್ನು ಹೊಗಳುವವರಿಗೆ ಇನ್ನೂ ಒಂದು ಕೇಳಬೇಕು: ಮೂಲ ಮೆಡಿಕೇರಿಗೆ ವಾಪಸ್ ಬರುವ ದಾರಿ ಯಾವುದು? ಪಾರ್ಟ್ ಬಿ ಶುರುವಾದ ಮೊದಲ 6 ತಿಂಗಳು ಕಳೆದ ಮೇಲೆ ಮೂಲ ಮೆಡಿಕೇರ್ ಕೊಡದ ಪಾಲನ್ನು ತುಂಬುವ ಖಾಸಗಿ ವಿಮೆ, ಅಂದರೆ ಮೆಡಿಗ್ಯಾಪ್ ಕೇಳಿದರೆ, ನ್ಯೂಯಾರ್ಕ್‌ನಂಥ ಕೆಲವೇ ರಾಜ್ಯ ಬಿಟ್ಟು ಉಳಿದೆಡೆ ಕಂಪನಿ ಕಾಯಿಲೆ ನೋಡಿ ಸಾಮಾನ್ಯವಾಗಿ ನಿರಾಕರಿಸಬಹುದು.

ಇಷ್ಟೆಲ್ಲ ಲೆಕ್ಕ ಹಾಕಿಯೂ ಇಲ್ಲಿನ ಹಿರಿಯರು ಕಟ್ಟುತ್ತಲೇ ಇರುತ್ತಾರೆ, ಒಪ್ಪಬೇಕು. 2025ರಲ್ಲಿ ಪಾರ್ಟ್ ಬಿ ಕಂತು ತಿಂಗಳಿಗೆ 185 ಡಾಲರ್ ಇತ್ತು. ವರ್ಷದ ಮೊದಲ 257 ಡಾಲರ್ ಕೈಯಿಂದ, ಆಮೇಲೆ ಶೇ 20, ಅದಕ್ಕೆ ಮೇಲ್ಮಿತಿಯೇ ಇಲ್ಲ. ಆ ವರ್ಷ ಆಸ್ಪತ್ರೆ ಸೇರಿದರೆ 1,676 ಡಾಲರ್; ಬಿಡುಗಡೆಯಾಗಿ 60 ದಿನ ಕಳೆದು ಮತ್ತೆ ಸೇರಿದರೆ ಮತ್ತೆ 1,676. ಬೇರೆ ವಿಮೆಯಿಲ್ಲದೆ ಪಾರ್ಟ್ ಬಿಗೆ ತಡವಾಗಿ ಸೇರಿದರೆ ಪ್ರತಿ ವರ್ಷದ ತಡಕ್ಕೆ ಶೇ 10 ದಂಡ, ಬದುಕಿರುವವರೆಗೆ. ಊರಲ್ಲಿ 70 ದಾಟಿದವರಿಗೆ ಕಂತಿಲ್ಲ, ಆದಾಯ ಪ್ರಮಾಣಪತ್ರ ಬೇಡ, ಆಧಾರ್ ಸಾಕು. ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಏಪ್ರಿಲ್‌ನಲ್ಲಿ ಬಿಜೆಪಿ ಕೊಟ್ಟ ಮಾತು ಅದೇ ವರ್ಷ, 2024ರ ಅಕ್ಟೋಬರ್ 29ಕ್ಕೆ ಜಾರಿಯಾಯಿತು. ಇಲ್ಲಿ ಮೆಡಿಕೇರ್ ಹುಟ್ಟುಹಾಕಿದ 1965ರ ಕಾನೂನು ಹಲ್ಲಿನ ಸೆಟ್ಟನ್ನು ಹೊರಗಿಟ್ಟಿತು, ಮೂಲ ಮೆಡಿಕೇರ್ ಇವತ್ತಿಗೂ ಅದಕ್ಕೆ ದುಡ್ಡು ಕೊಡುವುದಿಲ್ಲ.